ಪಂಕ್ ಹಾಡುಗಾರರ ನಗೆಯೂ ನಮ್ಮ ತಿಪ್ಪಾರಹಳ್ಳಿಯೂ

ಪಾಶ್ಚಾತ್ಯ ಸಂಗೀತದಲ್ಲಿ ‘ಪಂಕ್ ರಾಕ್’ ಎಂಬುದೊಂದು ಬಗೆಯುಂಟು. ಹೆಸರು ಕೇಳಿದೊಡನೆ ಹರಕು ಅಂಗಿ, ಹುಂಜದ ಜುಟ್ಟಿನಂತೆ ನಿಮಿರಿಸಿದ ಕೂದಲು, ಕಿವಿಗಡಚಿಕ್ಕುವ ಅರಚಾಟ ಇವೇ ಕಣ್ಣಮುಂದೆ ನಿಲ್ಲುತ್ತವೆ. 1976ರ ಡಿಸೆಂಬರಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ತಂಡದವರು ಲಂಡನಿನ ಟೆಲಿವಿಷನ್ನಿನಲ್ಲಿ ಬಾಯಿಗೆ ಬಂದಂತೆ ಬೈದು, ಆ ದೇಶದ ಪತ್ರಿಕೆಗಳನ್ನೆಲ್ಲ ಕೆರಳಿಸಿದರು. ಪಂಕ್ ಎಂದರೆ ಬರಿಯ ಸಿಟ್ಟು ಎಂಬ ಭಾವನೆ ಅಂದಿನಿಂದ ಗಟ್ಟಿಯಾಯಿತು. ಬೈಗುಳಕ್ಕೆ ನಾವು ವಕಾಲತ್ತು ವಹಿಸುವವರಲ್ಲ. ಆದರೆ ಈ ಸಂಗೀತದ ಹೊಟ್ಟೆಯೊಳಗೆ ಸಿಟ್ಟಿನಷ್ಟೇ ನಗೆಯೂ ಇದೆ; ಅದು ನಮ್ಮ ವಾಚಕರಿಗೆ ಅಪರಿಚಿತವಾದ ನಗೆಯೇನೂ ಅಲ್ಲ.

ನ್ಯೂಯಾರ್ಕಿನ ರಮೋನ್ಸ್ ತಂಡವನ್ನು ನೋಡಿರಿ. 1974ರಲ್ಲಿ ಕೂಡಿಕೊಂಡ ಆ ಯುವಕರು ಅಣ್ಣತಮ್ಮಂದಿರಲ್ಲ, ದಾಯಾದಿಗಳೂ ಅಲ್ಲ. ಆದರೂ ಎಲ್ಲರೂ ‘ರಮೋನ್’ ಎಂಬ ಒಂದೇ ಮನೆತನದ ಹೆಸರನ್ನು ಇಟ್ಟುಕೊಂಡರು. 1976ರಲ್ಲಿ ಹೊರಬಂದ ಅವರ ಮೊದಲ ಧ್ವನಿಮುದ್ರಿಕೆಯಲ್ಲಿ 14 ಹಾಡುಗಳಿವೆ. ಎಲ್ಲವೂ ಸೇರಿ ಅರ್ಧ ಗಂಟೆಯೂ ಆಗದು. ನಮ್ಮ ಚೆನ್ನೈಯ ಡಿಸೆಂಬರ್ ಕಚೇರಿಗಳಲ್ಲಿ ವಿದ್ವಾಂಸರು ಒಂದು ರಾಗವನ್ನು ವಿಸ್ತರಿಸಿ ಮುಗಿಸುವಷ್ಟರಲ್ಲಿ, ಇವರು ಎಲ್ಲವನ್ನೂ ಹಾಡಿ ಗಿಟಾರು ಕಟ್ಟಿಟ್ಟಿರುತ್ತಿದ್ದರು! ಮೂರು ಪಟ್ಟು ಕಲಿತವನಿಗೂ ವೇದಿಕೆಯ ಮೇಲೆ ಸ್ಥಳವುಂಟೆಂಬುದೇ ಅವರ ಧೈರ್ಯ. ತನ್ನನ್ನು ಕಂಡು ತಾನೇ ಮೊದಲು ನಕ್ಕವನನ್ನು ಹಾಸ್ಯಮಾಡಲು ಇತರರಿಗೆ ಉಳಿಯುವುದೇನು?

ಇಂಗ್ಲೆಂಡಿನ ಟಾಯ್ ಡಾಲ್ಸ್ ತಂಡದ್ದು ಇನ್ನೂ ಸೊಗಸು. 1956ರ ಮಕ್ಕಳ ಹಾಡೊಂದುಂಟು: ಸರ್ಕಸ್ಸಿನೊಡನೆ ಮುಂಬಯಿಗೆ ಬಂದ ನೆಲ್ಲಿ ಎಂಬ ಆನೆ, ಒಂದು ರಾತ್ರಿ ಟ್ರಂಕು ಕಟ್ಟಿಕೊಂಡು ತನ್ನ ಹಿಂಡಿನ ಕಡೆಗೆ ಹೊರಟುಹೋಗುತ್ತದೆ. ಇಂಗ್ಲಿಷಿನಲ್ಲಿ ಟ್ರಂಕು ಎಂದರೆ ಪೆಟ್ಟಿಗೆಯೂ ಹೌದು, ಸೊಂಡಿಲೂ ಹೌದು. ಈ ಹಾಡನ್ನೇ ಟಾಯ್ ಡಾಲ್ಸ್‌ನವರು ನಾಯಿ ಅಟ್ಟಿಸಿಕೊಂಡು ಬಂದಂತೆ ಓಡಿಸಿ ಹಾಡಿದರು. 1984ರಲ್ಲಿ ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೇರಿತು. ಟ್ರಂಕು ಹೊತ್ತು ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದ ನಮ್ಮವರಿಗೆ ನೆಲ್ಲಿಯ ಮನಸ್ಸು ತಿಳಿಯದಿರದು. ರಜೆ ಕೇಳದೆ ರಾತ್ರೋರಾತ್ರಿ ಊರಿಗೆ ಹೊರಡುವುದಂತೂ, ಹೋಟೆಲು ನಡೆಸಿದ ನಮಗೆ ಚೆನ್ನಾಗಿ ಪರಿಚಿತ.

ಅಮೆರಿಕದ ಡೆಡ್ ಕೆನೆಡೀಸ್ ತಂಡದ ಗಾಯಕ ಜೆಲ್ಲೋ ಬಿಯಾಫ್ರಾ 1979ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಮೇಯರ್ ಚುನಾವಣೆಗೆ ನಿಂತನು. ಊರೊಳಗಿನ ದೊಡ್ಡ ವ್ಯವಹಾರಸ್ಥರೆಲ್ಲ ವಿದೂಷಕರ ಉಡುಪು ತೊಡಬೇಕೆಂಬುದು ಅವನ ಭರವಸೆಗಳಲ್ಲೊಂದು. ಸೋತನು, ನಿಜ, ಆದರೂ 6,000ಕ್ಕೂ ಮಿಕ್ಕಿ ಮತಗಳು ಬಿದ್ದವು. ಫೈಲು ಹಿಡಿದು ಸಾಹೇಬರ ಬಾಗಿಲಲ್ಲಿ ಕಾದು ನಿಂತ ಯಾವ ಗುಮಾಸ್ತನಿಗೆ ಈ ಯೋಚನೆ ರುಚಿಸದು?

ಇಂಥ ಹಾಡುಗಾರರು ನಮ್ಮಲ್ಲಿಲ್ಲವೆ? ಟಿ. ಪಿ. ಕೈಲಾಸಂ ಇದ್ದರು, ಪಂಕ್ ಹುಟ್ಟುವುದಕ್ಕೆ ಎಷ್ಟೋ ಮುಂಚೆ. ಮನೆಮಾತು ತಮಿಳು. ಇದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಲಂಡನಿನಲ್ಲಿ ಭೂಗರ್ಭಶಾಸ್ತ್ರ ಕಲಿತು ಬಂದವರು. 1912ರ ‘ಟಿಪ್ಪರೇರಿ’ ಹಾಡನ್ನು ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಸಿಪಾಯಿಗಳು ಊರನ್ನು ನೆನೆಯುತ್ತ ಹಾಡಿಕೊಂಡು ನಡೆಯುತ್ತಿದ್ದರು. ಕೈಲಾಸಂ ಅದೇ ಧಾಟಿಯನ್ನು ಹಿಡಿದು, ಟಿಪ್ಪರೇರಿಯನ್ನು ತಿಪ್ಪಾರಹಳ್ಳಿ ಮಾಡಿಬಿಟ್ಟರು! ‘ಕಾನ್‌ಸ್ಟಾಂಟಿನೋಪಲ್’ ಎಂದು ಅಕ್ಷರ ಬಿಡಿಸಿ ಹಾಡುವ ಇಂಗ್ಲಿಷ್ ಪದಕ್ಕೆ ಜವಾಬಾಗಿ, ‘ಕೋಳೀಕೆ ರಂಗ’ನ ಬಾಯಲ್ಲಿ ಕೂಲಿಮಠದ ಕಾಗುಣಿತವನ್ನೇ ಹಾಡಿಸಿದರು. ಸಾಮ್ರಾಜ್ಯದ ದೊರೆಗಳ ಹಾಡನ್ನು ಹಳ್ಳಿಗನು ಕಸಿದುಕೊಂಡು ಕುಣಿದನು. ಇಂಗ್ಲಿಷ್ ಬೆರೆತ ಅವರ ಕನ್ನಡವನ್ನು ಕೇಳಿ ಮೂಗು ಮುರಿದವರು ಇದ್ದೇ ಇದ್ದರು. ಆದರೂ 1945ರಲ್ಲಿ ಇದೇ ಮದರಾಸಿನಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳಿತವರು ಕೈಲಾಸಂ ಅವರೇ. ಮರುವರ್ಷ ತೀರಿಕೊಂಡರು.

ಬೆರಕೆ ಮಾತಿನ ತಮಾಷೆ ಈ ಊರಿಗೂ ಹೊಸದಲ್ಲ. 2011ರಲ್ಲಿ ಮುರುಕು ಇಂಗ್ಲಿಷನ್ನು ಬೇಕೆಂದೇ ತಮಿಳಿನೊಡನೆ ಕಲಸಿ ಧನುಷ್ ಹಾಡಿದ ‘ಕೊಲವೆರಿ’ ಎಲ್ಲೆಲ್ಲಿ ಕೇಳಿಬಂದಿತೆಂಬುದನ್ನು ವಾಚಕರು ಮರೆತಿರಲಾರರು.

ನಮ್ಮ ಹೋಟೆಲುಗಳಲ್ಲಿಯೂ ರಾತ್ರಿ ಬಾಗಿಲು ಹಾಕಿದ ಮೇಲೆ, ಪಾತ್ರೆ ತೊಳೆಯುವ ಹುಡುಗರು ಸಿನೆಮಾ ಹಾಡಿನ ಧಾಟಿಗೆ ಮಾಲಿಕರ ಮೇಲೆ ಪದ ಕಟ್ಟಿ ಹಾಡುವುದುಂಟು. ಸಾಂಬಾರಿನ ನೀರು, ಸಂಬಳದ ತಾರೀಖು, ಮಾಲಿಕರ ಹೊಟ್ಟೆ ಯಾವುದನ್ನೂ ಬಿಡುವುದಿಲ್ಲ. ಗಲ್ಲೆಯಲ್ಲಿ ಕುಳಿತಿದ್ದ ದಿನಗಳಲ್ಲಿ ನಮ್ಮ ಕಿವಿಗೂ ಅಂಥವು ಒಂದೆರಡು ಬಿದ್ದಿದ್ದವು. ಲೆಕ್ಕ ಬರೆಯುವವರಂತೆ ತಲೆ ತಗ್ಗಿಸಿಕೊಂಡು ನಾವೂ ನಕ್ಕದ್ದುಂಟು.