ಹಂಸದ ಬೆನ್ನೇರಿದ ಮರಿಗಳು: ಆ ವಿಡಿಯೋ ನಿಜವೇ? ಅಲ್ಲಿ ನಡೆಯುತ್ತಿರುವುದೇನು?

ಸದ್ದಿಲ್ಲದ ನೀರು. ಅದರ ಮೇಲೆ ತೇಲುತ್ತಿರುವ ಬಿಳಿ ಹಂಸ. ಅರ್ಧ ಎತ್ತಿದ ರೆಕ್ಕೆಗಳ ನಡುವಿನಿಂದ ಬೂದು ಬಣ್ಣದ ಪುಟ್ಟ ತಲೆಯೊಂದು ಇಣುಕುತ್ತದೆ, ಆಮೇಲೆ ಇನ್ನೊಂದು, ಮತ್ತೊಂದು. ಹಿನ್ನೆಲೆಯಲ್ಲಿ ಕೊಳಲು, ಕೆಳಗೆ ತಾಯಿಯ ಪ್ರೀತಿಯ ಬಗ್ಗೆ ಎರಡು ಸಾಲು. ಕೆಲವೇ ಸೆಕೆಂಡುಗಳ ಇಂಥ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಈಚೆಗೆ ಅದರ ಹಿಂದೆಯೇ ಒಂದು ಪ್ರಶ್ನೆಯೂ ಬರುತ್ತದೆ: ಇದು ಅಸಲಿಯೋ, ಎಐ ಮಾಡಿದ್ದೋ?

ಪ್ರತಿಯೊಂದು ವಿಡಿಯೋಗೂ ನಾವು ಗ್ಯಾರಂಟಿ ಕೊಡಲಾರೆವು. ಆದರೆ ಹಂಸಗಳು ಮರಿಗಳನ್ನು ಬೆನ್ನ ಮೇಲೆ ಹೊತ್ತು ಈಜುವುದು ಖಂಡಿತ ನಿಜ. ಯುರೋಪಿನ ಮೂಕ ಹಂಸ, ಆಸ್ಟ್ರೇಲಿಯಾದ ಕಪ್ಪು ಹಂಸ, ದಕ್ಷಿಣ ಅಮೆರಿಕದ ಕಪ್ಪು ಕೊರಳಿನ ಹಂಸ ಈ ಮೂರೂ ಹೀಗೆ ಮಾಡುತ್ತವೆ. ನಮ್ಮ ಫೋನಿಗೆ ಬರುವ ಬಹುತೇಕ ವಿಡಿಯೋಗಳಲ್ಲಿರುವುದು ಮೂಕ ಹಂಸ. ಕಿತ್ತಳೆ ಕೊಕ್ಕು, ಕೊಕ್ಕಿನ ಬುಡದಲ್ಲಿ ಕಪ್ಪು ಗುಬಟು, ಎಸ್ ಆಕಾರದಲ್ಲಿ ಬಾಗಿದ ಕೊರಳು ಕಂಡರೆ ಅದೇ ಎಂದು ತಿಳಿಯಿರಿ. ಹೆಸರಿಗೆ ಮೂಕ ಅಷ್ಟೇ. ಬುಸುಗುಡುತ್ತದೆ, ಗೊರಗುಡುತ್ತದೆ, ಹಾರುವಾಗ ಅದರ ರೆಕ್ಕೆಯ ಹೂಂಕಾರ ದೂರದವರೆಗೂ ಕೇಳುತ್ತದೆ.

ನಕಲಿ ಹಿಡಿಯಲು ಒಂದು ಸಣ್ಣ ಗುರುತು ಹೇಳಿಬಿಡುತ್ತೇವೆ. ಹಂಸದ ಮರಿ ಸಾಮಾನ್ಯವಾಗಿ ಬೂದು ಬಣ್ಣದ್ದು, ಕೊಕ್ಕು ಕಪ್ಪು. ಹುಟ್ಟುವಾಗಲೇ ಬೆಳ್ಳಗಿರುವ ಮರಿಗಳೂ ಉಂಟು, ಅದು ವಂಶವಾಹಿಯಿಂದ ಬರುವ ವ್ಯತ್ಯಾಸ. ಆದರೆ ಕೋಳಿಮರಿಯಂತೆ ಅರಿಶಿನ ಹಳದಿ ಬಣ್ಣದ ಮರಿಗಳು ಹಂಸದ ಬೆನ್ನ ಮೇಲೆ ಕೂತಿದ್ದರೆ ಆ ವಿಡಿಯೋವನ್ನು ಅನುಮಾನಿಸಿ.

ಆ ಸವಾರಿ ಯಾಕೆ?

ಉತ್ತರ ಮೊಟ್ಟೆಯಿಂದಲೇ ಶುರುವಾಗಬೇಕು. ಬ್ರಿಟನ್ನಿನಲ್ಲಿ ಮೂಕ ಹಂಸಗಳು ಏಪ್ರಿಲ್ ಹೊತ್ತಿಗೆ ಮೊಟ್ಟೆಯಿಡುತ್ತವೆ, ಸಾಮಾನ್ಯವಾಗಿ 5ರಿಂದ 7. ಒಂದೊಂದು ಮೊಟ್ಟೆಯೂ ಸುಮಾರು 340 ಗ್ರಾಂ, ಅಂದರೆ ನಮ್ಮ ಕೋಳಿಮೊಟ್ಟೆಯ ಆರು ಪಟ್ಟು. ಎರಡು ದಿನಕ್ಕೊಂದರಂತೆ ಇಟ್ಟರೂ ಮರಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹೊರಬರುತ್ತವೆ. ಹೇಗೆ? ಕೊನೆಯ ಮೊಟ್ಟೆ ಬೀಳುವವರೆಗೂ ಹೆಣ್ಣು ಸರಿಯಾಗಿ ಕಾವಿಗೆ ಕೂರುವುದೇ ಇಲ್ಲ. ಆಮೇಲೆ ಸುಮಾರು 5 ವಾರ ಕಾವು. ಗಂಡು ಸುತ್ತ ಪಹರೆ ಕಾಯುತ್ತದೆ. ಮೊಟ್ಟೆ ಒಡೆಯುವ ಮೊದಲೇ ಮರಿಗಳು ಒಳಗಿನಿಂದ ಸದ್ದು ಮಾಡುತ್ತವೆ, ತಾಯಿ ಓಗೊಡುತ್ತದೆ. ಹೊರಗೆ ಬರುವಷ್ಟರಲ್ಲಿ ದನಿಯ ಪರಿಚಯ ಆಗಿರುತ್ತದೆ.

ಮರಿ ಹುಟ್ಟಿದಾಗ ಅಂಗೈಯಲ್ಲಿ ಕೂರುವಷ್ಟಿರುತ್ತದೆ. ಒಂದೆರಡು ದಿನದಲ್ಲೇ ಗೂಡು ಬಿಟ್ಟು ನೀರಿಗಿಳಿಯುತ್ತದೆ. ಯಾರೂ ಕಲಿಸದೆ ಈಜುತ್ತದೆ, ತಾನೇ ಹೆಕ್ಕಿ ತಿನ್ನುತ್ತದೆ. ಇಷ್ಟೆಲ್ಲ ಬಂದರೂ ಒಂದು ಕೊರತೆ ಇದೆ: ಮೈಯ ಶಾಖ. ತುಪ್ಪುಳ ಚಳಿ ತಡೆಯುತ್ತದೆ ನಿಜ, ಆದರೆ ಅಷ್ಟು ಪುಟ್ಟ ದೇಹ ತಣ್ಣನೆ ನೀರಿನಲ್ಲಿ ಬೇಗ ತಣ್ಣಗಾಗುತ್ತದೆ. ದಣಿದ ಮರಿ ಹಿಂಬದಿಯಿಂದ ಹತ್ತಿ ರೆಕ್ಕೆಯ ಕೆಳಗೆ ನುಸುಳುವುದು ಮೈ ಕಾಯಿಸಿಕೊಳ್ಳಲು. ಜೊತೆಗೆ ನೀರೊಳಗೆ ಪೈಕ್ ಎಂಬ ಬೇಟೆಗಾರ ಮೀನಿದೆ, ಮೇಲೆ ಕಾಗೆ ಮತ್ತು ಕಡಲಕ್ಕಿಗಳಿವೆ. ಬೆನ್ನಿನ ಮೇಲೆ ಎರಡರಿಂದಲೂ ರಕ್ಷಣೆ. ಈ ಸವಾರಿ ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿ ಮಾತ್ರ. ಮರಿ ಬೆಳೆದಂತೆ ಬೆನ್ನಿನಲ್ಲಿ ಜಾಗವೂ ಇಲ್ಲ, ಅಗತ್ಯವೂ ಇಲ್ಲ.

ಹೊರುವ ಕೆಲಸ ಹೆಚ್ಚಾಗಿ ತಾಯಿಯದು. ಆದರೆ "ತಾಯಿಗಿಂತ ದೇವರಿಲ್ಲ" ಎಂಬ ಶೀರ್ಷಿಕೆಯಲ್ಲಿ ತಂದೆಗೆ ಸ್ವಲ್ಪ ಅನ್ಯಾಯವಾಗಿದೆ. ಮುಂದೆ ರೆಕ್ಕೆಗಳನ್ನು ಕಮಾನಿನಂತೆ ಎತ್ತಿ, ಕೊರಳನ್ನು ಹಿಂದಕ್ಕೆ ಸೆಳೆದು, ಎದೆಯಿಂದ ನೀರನ್ನು ಸೀಳುತ್ತ ಬರುವ ಹಂಸ ಸಾಮಾನ್ಯವಾಗಿ ಗಂಡು. ಕೊಕ್ಕಿನ ಬುಡದ ಗುಬಟು ದೊಡ್ಡದಿರುತ್ತದೆ. ಆ ಭಂಗಿ ನಮಗೆ ರಾಜಗಾಂಭೀರ್ಯದಂತೆ ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಅದರ ಭಾಷೆಯಲ್ಲಿ ಅರ್ಥ ಇಷ್ಟೇ: "ಹತ್ತಿರ ಬಂದರೆ ಹುಷಾರ್."

ನಮಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಬೇರೆಯೇ ಇದೆ, ಅದು ಯಾವ ರೀಲ್ಸ್‌ನಲ್ಲೂ ಕಾಣುವುದಿಲ್ಲ. ಹಂಸಗಳು ವರ್ಷಕ್ಕೊಮ್ಮೆ ಹಾರುವ ಗರಿಗಳನ್ನೆಲ್ಲ ಒಮ್ಮೆಲೇ ಉದುರಿಸುತ್ತವೆ. ಹೊಸ ಗರಿ ಬರುವವರೆಗೆ, ಅಂದರೆ ಆರೇಳು ವಾರ, ಹಾರಲಾಗುವುದಿಲ್ಲ. ಮರಿಗಳಿರುವ ಜೋಡಿ ಇದನ್ನು ಸರದಿಯಲ್ಲಿ ಮಾಡುತ್ತದೆ. ಮರಿಗಳು ಚಿಕ್ಕವಿರುವಾಗ ತಾಯಿ ಗರಿ ಉದುರಿಸುತ್ತದೆ. ಅದರ ರೆಕ್ಕೆ ಮತ್ತೆ ಬೆಳೆಯುತ್ತ ಬಂದ ಮೇಲೆ ತಂದೆಯ ಸರದಿ. ಹೀಗಾಗಿ ಮನೆ ಕಾಯಲು ಯಾರಾದರೊಬ್ಬರ ರೆಕ್ಕೆ ಸರಿಯಾಗಿರುತ್ತದೆ.

ಊಟದಲ್ಲೂ ನೋಡುವಂಥದ್ದಿದೆ. ದೊಡ್ಡ ಹಂಸದ ಕೊರಳು ಆಳದ ಸೊಪ್ಪನ್ನು ಮುಟ್ಟುತ್ತದೆ, ಮರಿಯದು ಮುಟ್ಟುವುದಿಲ್ಲ. ಆದ್ದರಿಂದ ದೊಡ್ಡವು ಆಳದ ಜಲಸಸ್ಯವನ್ನು ಕಿತ್ತು ಮೇಲಕ್ಕೆ ತರುತ್ತವೆ, ಕಾಲಿನಿಂದ ನೀರನ್ನು ಕಲಕಿ ಕೆಳಗಿನದನ್ನು ಮೇಲೇಳಿಸುತ್ತವೆ. ಸುತ್ತ ಮರಿಗಳು ತೇಲಿಬಂದದ್ದನ್ನು ಹೆಕ್ಕುತ್ತವೆ. ಬಾಯಿಗೆ ಗುಟುಕಿಡುವ ಪದ್ಧತಿ ಇಲ್ಲ, ಬಡಿಸಿ ಬಿಡುವುದು ಮಾತ್ರ.

ವಿಡಿಯೋ ಮುಗಿದ ಮೇಲೆ

ಮೇ ತಿಂಗಳ ವಿಡಿಯೋದಲ್ಲಿ ಏಳು ಮರಿ ಇದ್ದರೆ ಸೆಪ್ಟೆಂಬರಿನಲ್ಲಿ ಅದೇ ಸಂಸಾರದಲ್ಲಿ ಏಳೂ ಇರುವುದು ಅಪರೂಪ. ಮೀನು, ನರಿ, ಚಳಿ, ಮಳೆ, ಪ್ರವಾಹ ಎಲ್ಲವೂ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಉಳಿದವು ನಾಲ್ಕೈದು ತಿಂಗಳಿಗೆ ಹಾರಲು ಕಲಿಯುತ್ತವೆ. ಮೊದಲ ಚಳಿಗಾಲವೆಲ್ಲ ಕಂದು ಮಿಶ್ರಿತ ಬೂದು ಬಣ್ಣದಲ್ಲೇ ಇರುತ್ತವೆ. ಡೆನ್ಮಾರ್ಕಿನ ಆಂಡರ್ಸನ್ 1843ರಲ್ಲಿ ಪ್ರಕಟಿಸಿದ ಕುರೂಪಿ ಬಾತುಮರಿಯ ಕಥೆ ಈ ಬಣ್ಣಗೇಡಿ ವಯಸ್ಸಿನದೇ. ಮುಂದಿನ ವಸಂತಕ್ಕೆ ಹೊಸ ಸಂಸಾರದ ತಯಾರಿ ಶುರುವಾಗುವ ಹೊತ್ತಿಗೆ, ಹಿಂದೆ ಬೆನ್ನ ಮೇಲೆ ಹೊತ್ತ ತಂದೆತಾಯಿಯೇ ಅವನ್ನು ಅಟ್ಟಿಬಿಡುತ್ತವೆ. ಆ ದೃಶ್ಯಕ್ಕೆ ಯಾರೂ ಕೊಳಲು ಸೇರಿಸುವುದಿಲ್ಲ.

ಮನುಷ್ಯರಿಂದ ಆದದ್ದೂ ಕಡಿಮೆಯಿಲ್ಲ. ಇಂಗ್ಲೆಂಡಿನ ಥೇಮ್ಸ್ ನದಿಯಲ್ಲಿ ಒಂದು ಕಾಲಕ್ಕೆ ಹಂಸಗಳು ಸಾಯುತ್ತಿದ್ದದ್ದು ಮೀನು ಹಿಡಿಯುವವರು ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡುಗಳಿಂದ. ಆಹಾರ ಅರೆಯಲು ನುಂಗುವ ಕಲ್ಲುಗಳ ಜೊತೆ ಇವೂ ಹೊಟ್ಟೆ ಸೇರಿ ವಿಷವಾಗುತ್ತಿದ್ದವು. 1987ರಲ್ಲಿ ಅಂಥ ಬಹುತೇಕ ಗುಂಡುಗಳನ್ನು ನಿಷೇಧಿಸಿದ ಮೇಲೆ ಸಂಖ್ಯೆ ಚೇತರಿಸಿತು. ಅದೇ ನದಿಯಲ್ಲಿ ಪ್ರತಿ ಜುಲೈನಲ್ಲಿ ಹಂಸಗಣತಿ ನಡೆಯುತ್ತದೆ. 12ನೇ ಶತಮಾನದಿಂದ ಬಂದ ಪದ್ಧತಿ. ಕೆಂಪು ಅಂಗಿಯ ರಾಜಸೇವಕರು ದೋಣಿಯಲ್ಲಿ ಬಂದು ಮರಿಗಳನ್ನು ಹಿಡಿದು, ತೂಗಿ, ಗಾಯ ನೋಡಿ ಬಿಡುತ್ತಾರೆ. 2022ರಲ್ಲಿ ಸಿಕ್ಕ ಮರಿಗಳು 155, ಮರುವರ್ಷ 94. ಮುಖ್ಯ ಕಾರಣ ಹಕ್ಕಿಜ್ವರ. ಕವಣೆಯಲ್ಲಿ ಹೊಡೆಯುವ ಪುಂಡರ ಕಾಟವೂ ಇದೆ.

ಬ್ರೆಡ್ ಹಾಕಿದರೆ ರೆಕ್ಕೆ ತಿರುಚುತ್ತದೆಯೇ?

ಈ ಫಾರ್ವರ್ಡನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಇದನ್ನು ಕಳಿಸುವವರ ಉದ್ದೇಶ ಒಳ್ಳೆಯದೇ. ಹಂಸ, ಬಾತುಗಳಲ್ಲಿ ಕೆಲವಕ್ಕೆ ರೆಕ್ಕೆಯ ಕೊನೆಯ ಕೀಲು ಹೊರಕ್ಕೆ ತಿರುಗಿ ಗರಿಗಳು ಪಕ್ಕಕ್ಕೆ ಚಾಚಿಕೊಳ್ಳುವ ದೋಷ ಬರುತ್ತದೆ. ಹಾಗಾದ ಹಕ್ಕಿ ಹಾರಲಾರದು. ಇದಕ್ಕೆ ಬ್ರೆಡ್ಡೇ ಕಾರಣ ಎಂದು ಬ್ರಿಟನ್ನಿನಲ್ಲಿ ದೊಡ್ಡ ಪ್ರಚಾರ ನಡೆಯಿತು. ಚಿತ್ರಗಳು ಹರಿದಾಡಿದವು, ನದಿ ದಂಡೆಗೆ ಬ್ರೆಡ್ ತರುವವರನ್ನು ಬೈಯುವುದೂ ಶುರುವಾಯಿತು.

2018ರಲ್ಲಿ ಆಕ್ಸ್‌ಫರ್ಡ್‌ನ ಪಕ್ಷಿವಿಜ್ಞಾನಿ, ರಾಜಮನೆತನದ ಹಂಸಗಳ ಮೇಲ್ವಿಚಾರಕರೂ ಆದ ಪ್ರೊ. ಕ್ರಿಸ್ಟೋಫರ್ ಪೆರಿನ್ಸ್ ಇದಕ್ಕೆ ಉತ್ತರ ಕೊಟ್ಟರು. ಬ್ರೆಡ್ಡಿಗೂ ರೆಕ್ಕೆಯ ದೋಷಕ್ಕೂ ಸಂಬಂಧವಿದೆ ಎನ್ನಲು ಪುರಾವೆ ಇಲ್ಲ, ಬ್ರೆಡ್ ಕಂಡೇ ಇರದ ಮರಿಗಳಲ್ಲೂ ಅದು ಬರುತ್ತದೆ, ನದಿಯ ಸೊಪ್ಪಿನಷ್ಟು ಒಳ್ಳೆಯದಲ್ಲದಿದ್ದರೂ ಬ್ರೆಡ್ ಎಷ್ಟೋ ಹಂಸಗಳಿಗೆ ಮುಖ್ಯ ಆಹಾರವಾಗಿಬಿಟ್ಟಿದೆ ಎಂದರು. ಜನ ಹೆದರಿ ಒಮ್ಮೆಲೇ ನಿಲ್ಲಿಸಿದ್ದರಿಂದ ಸೊರಗಿದ ಮರಿಗಳು, ಆಹಾರ ಹುಡುಕುತ್ತ ರಸ್ತೆಗೆ ಬರುತ್ತಿರುವ ಹಂಸಗಳ ವರದಿ ಬರುತ್ತಿದೆ ಎಂದೂ ಹೇಳಿದರು. ಹಂಸಗಳನ್ನು ಉಳಿಸಲೆಂದು ಹಂಚಿದ ಸಂದೇಶವೇ ಅವುಗಳ ಹೊಟ್ಟೆಗೆ ಕಲ್ಲು ಹಾಕಿತ್ತು.

ಹಾಗೆಂದು ಮೂಟೆಗಟ್ಟಲೆ ಸುರಿಯಬೇಕಿಲ್ಲ. ಕಾಳು, ಸೊಪ್ಪು ಉತ್ತಮ. ಬೂಷ್ಟು ಹಿಡಿದ ಬ್ರೆಡ್ ನಿಜಕ್ಕೂ ವಿಷ. ಹಾಕುವುದಾದರೆ ನೀರಿಗೇ ಹಾಕಬೇಕು, ದಂಡೆಗೆ ಕರೆಯಬಾರದು. ನಿಮ್ಮ ಮಗಳೋ ಅಳಿಯನೋ ವಿಂಡ್ಸರ್, ರೆಡಿಂಗ್ ಕಡೆ ಇದ್ದರೆ ಇಷ್ಟನ್ನು ಅವರಿಗೆ ತಿಳಿಸಿ.

ಹಂಸ ರೆಕ್ಕೆಯಿಂದ ಹೊಡೆದು ಕೈ ಮುರಿಯುತ್ತದೆ ಎಂಬ ಮಾತು ಉತ್ಪ್ರೇಕ್ಷೆ, ಹಾರುವ ಹಕ್ಕಿಯ ಮೂಳೆ ಅಷ್ಟು ಭಾರದ್ದಲ್ಲ. ಆದರೆ 12 ಕೆ.ಜಿ.ವರೆಗೆ ತೂಗುವ, ರೆಕ್ಕೆ ಬಿಚ್ಚಿದರೆ 2 ಮೀಟರ್ ದಾಟುವ ಹಕ್ಕಿ ಮೈಮೇಲೆ ಬಂದರೆ ಆಯ ತಪ್ಪುವುದು ನಿಶ್ಚಿತ. 2012ರಲ್ಲಿ ಅಮೆರಿಕದ ಷಿಕಾಗೋ ಬಳಿ ಕೊಳವೊಂದರಲ್ಲಿ ಹಂಸದ ದಾಳಿಗೆ ಸಣ್ಣ ದೋಣಿ ಮಗುಚಿ ಒಬ್ಬರು ಮುಳುಗಿ ತೀರಿಕೊಂಡರು. ಬುಸುಗುಟ್ಟಿತೆಂದರೆ ಸೆಲ್ಫಿ ಸಾಕು, ಹಿಂದಕ್ಕೆ ಸರಿಯಿರಿ. ಹತ್ತಿರದಿಂದಲೇ ನೋಡಬೇಕೆಂದರೆ ಇಂಗ್ಲೆಂಡಿನ ಡಾರ್ಸೆಟ್‌ನ ಆಬಟ್ಸ್‌ಬರಿ ಸರಿಯಾದ ಜಾಗ. 11ನೇ ಶತಮಾನದಲ್ಲಿ ಕ್ರೈಸ್ತ ಸಂನ್ಯಾಸಿಗಳು ಊಟಕ್ಕಾಗಿ ಹಂಸ ಸಾಕಲು ಶುರುಮಾಡಿದ ಸ್ಥಳ ಅದು. ಈಗ ಮೇ ಮಧ್ಯದಿಂದ ಜೂನ್ ಕೊನೆಯವರೆಗೆ ಮರಿ ಹೊರಬರುವುದನ್ನು ಕಾಲುದಾರಿಯ ಪಕ್ಕದಲ್ಲೇ ನೋಡಬಹುದು. ಅಲ್ಲಿನ ಹಂಸಗಳಿಗೆ ಜನರ ರೂಢಿಯಿದೆ.

ನಮ್ಮ ಹಂಸ ಎಲ್ಲಿ?

"ಹಂಸ ನಮ್ಮದೇ ಅಲ್ಲವೇ, ಹಾಲು ನೀರು ಬೇರೆ ಮಾಡುತ್ತದಲ್ಲ?" ಎಂದು ನೀವು ಕೇಳುತ್ತೀರಿ. ಹಂಸಕ್ಷೀರ ನ್ಯಾಯ ವಿವೇಕಕ್ಕೆ ಕೊಟ್ಟ ಸುಂದರ ಹೋಲಿಕೆ, ಕೊಕ್ಕಿನ ವಿವರಣೆಯಲ್ಲ. ಹಂಸದ ಕೊಕ್ಕಿನ ಅಂಚಿನಲ್ಲಿರುವ ಬಾಚಣಿಗೆಯಂಥ ಏಣುಗಳು ನೀರನ್ನು ಹೊರಬಿಟ್ಟು ಸೊಪ್ಪನ್ನು ಹಿಡಿಯುತ್ತವೆ, ಹಾಲಿನ ಕೊಬ್ಬಿನ ಕಣಗಳು ಅದಕ್ಕೆ ಸಿಗದಷ್ಟು ಸಣ್ಣವು. ಇನ್ನು ಕರ್ನಾಟಕದ ಕೆರೆಗಳಲ್ಲಿ ಕಾಡು ಹಂಸಗಳಿಲ್ಲ. ಭಾರತದ ವಾಯವ್ಯ ಭಾಗಕ್ಕೆ ಎಂದೋ ಒಮ್ಮೆ ದಾರಿ ತಪ್ಪಿ ಬಂದ ದಾಖಲೆಗಳಿವೆ, ಅಷ್ಟೇ. ನಮ್ಮ ಪಕ್ಷಿ ಪುಸ್ತಕಗಳ ರಾಜಹಂಸ ಫ್ಲೆಮಿಂಗೋ, ಬಸ್ ನಿಲ್ದಾಣದ ರಾಜಹಂಸ ಕೆಎಸ್‌ಆರ್‌ಟಿಸಿಯದು. ಹಳೆಯ ಕಾವ್ಯಗಳ ಹಂಸ ಪಟ್ಟೆತಲೆ ಹೆಬ್ಬಾತು ಇರಬಹುದು ಎಂಬುದು ಕೆಲವು ವಿದ್ವಾಂಸರ ವಾದ, ಎಲ್ಲರೂ ಒಪ್ಪಿಲ್ಲ. ಆ ಹೆಬ್ಬಾತುಗಳನ್ನು ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಹಿಂಡುಹಿಂಡಾಗಿ ನೋಡಬಹುದು. ಆದರೆ ಅವು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ. ನಮ್ಮಲ್ಲಿ ಅವುಗಳ ತುಪ್ಪುಳದ ಮರಿಗಳು ಕಾಣಸಿಗುವುದಿಲ್ಲ.

ಬೆನ್ನೇರಿದ ಮರಿಗಳನ್ನೇ ನೋಡಬೇಕೇ? ಅದಕ್ಕೆ ಪಾಸ್‌ಪೋರ್ಟ್ ಬೇಡ. ನಿಮ್ಮೂರ ಕೆರೆಯಲ್ಲಿ ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ, ಬಾಲವೇ ಇಲ್ಲವೇನೋ ಎನ್ನಿಸುವ ಕಂದು ಹಕ್ಕಿಯೊಂದು ಗುಳುಕ್ಕನೆ ಮುಳುಗಿ ಬೇರೆಲ್ಲೋ ಏಳುತ್ತಿರುತ್ತದೆ. ಅದು ಗುಳುಮುಳುಕ. ಜೊಂಡಿನ ಅಂಚಿನಲ್ಲಿ ತೇಲುವ ಗೂಡು ಕಟ್ಟುತ್ತದೆ. ಮಳೆಗಾಲದಲ್ಲಿ ಕೆರೆ ತುಂಬಿದ ಮೇಲೆ ಬೆಳಗ್ಗೆ ಬೇಗ ಹೋಗಿ, ದಂಡೆಯ ಮೇಲೆ ಅಲುಗದೆ ಕೂತು, ಸಾಧ್ಯವಾದರೆ ಬೈನಾಕ್ಯುಲರ್ ಹಿಡಿದು ಅದರ ಬೆನ್ನನ್ನು ನೋಡಿ. ಗರಿಗಳ ನಡುವೆ ಕಪ್ಪು ಬಿಳಿ ಪಟ್ಟೆಯ ತಲೆಯೊಂದು ಇಣುಕಿದರೆ ಅದೇ ಮರಿ. ಅದು ಕಾಣದ ದಿನ ಗೂಡು ಹುಡುಕುತ್ತ ಜೊಂಡಿನೊಳಗೆ ಇಳಿಯಬೇಡಿ. ಗೂಡು ಬಿಡುವಾಗ ಗುಳುಮುಳುಕ ಮೊಟ್ಟೆಗಳ ಮೇಲೆ ಕೊಳೆತ ಸೊಪ್ಪು ಮುಚ್ಚಿ ಹೋಗುತ್ತದೆ, ಕಾಲಿಟ್ಟ ಮೇಲೂ ನಿಮಗೆ ಗೊತ್ತಾಗದಿರಬಹುದು.