ಗಾಯಕಿ ಬಿಲಿ ಹಾಲಿಡೇ
ಕಲಾವಿದರ ಕಷ್ಟಗಳಿಗೆಲ್ಲ ಅವರ ವ್ಯಸನವೇ ಕಾರಣವೆಂದು ನಾವು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಅಮೆರಿಕದ ಜಾಸ್ ಗಾಯಕಿ ಬಿಲಿ ಹಾಲಿಡೇಯ (1915–1959) ಜೀವನವನ್ನು ನೋಡಿದರೆ ಈ ತೀರ್ಮಾನವು ನಿಲ್ಲದು. ಆಕೆಯ ಕಂಠದ ವ್ಯಾಪ್ತಿ ಕಿರಿದು. ತಾಳಕ್ಕಿಂತ ತುಸು ಹಿಂದುಳಿದು ಪದಗಳ ಭಾವವನ್ನು ಹೊರಡಿಸುವುದೇ ಆಕೆಯ ಹಿರಿಮೆ. ಕರಿಯರನ್ನು ಗುಂಪುಗೂಡಿ ಕೊಂದು ಮರಕ್ಕೆ ತೂಗಹಾಕುತ್ತಿದ್ದ ಕ್ರೌರ್ಯವನ್ನು ಕುರಿತು ಆಕೆಯು 1939ರಲ್ಲಿ ನ್ಯೂಯಾರ್ಕಿನಲ್ಲಿ ಹಾಡಿದಳು. 1947ರಲ್ಲಿ ಮಾದಕವಸ್ತುವಿನ ಅಪರಾಧಕ್ಕಾಗಿ ಸೆರೆಮನೆಯನ್ನು ಸೇರಿದಳು. ಸೆರೆವಾಸ ಮುಗಿದರೂ ದಂಡನೆ ಮುಗಿಯಲಿಲ್ಲ. ಆ ನಗರದಲ್ಲಿ ಮದ್ಯ ಮಾರುವ ಗಾನಶಾಲೆಗಳಲ್ಲಿ ಹಾಡಲು ಪೊಲೀಸರ ಪರವಾನಗಿ ಬೇಕಿತ್ತು. ಅದು ಆಕೆಗೆ ದೊರೆಯಲಿಲ್ಲ. 1948ರಲ್ಲಿ ಕಾರ್ನೆಗಿ ಸಭಾಂಗಣವು ಆಕೆಗಾಗಿ ಕಿಕ್ಕಿರಿದರೂ ನಿತ್ಯದ ಜೀವನೋಪಾಯವು ತಪ್ಪಿತು. ಕೊನೆಗೆ ರೋಗಶಯ್ಯೆಯಲ್ಲಿಯೂ ಬಂಧನಕ್ಕೊಳಗಾಗಿ, 44ನೆಯ ವಯಸ್ಸಿನಲ್ಲಿ ತೀರಿಕೊಂಡಳು. ವ್ಯಸನವು ಆಕೆಯ ದೇಹವನ್ನು ಕೆಡಿಸಿತು, ನಿಜ. ಆದರೆ ವೇದಿಕೆಯನ್ನು ಕಸಿದುದು ಕಾನೂನೆಂಬುದನ್ನು ನಾವು ಮರೆಯಲಾಗದು.