ಬ್ರೈಡಲ್ ಶೋದಲ್ಲಿ ನಮ್ಮ ಸ್ಟಾಲು: ಹಡಪಸರದ ಅನುಭವ

ಪುಣೆಯಲ್ಲಿ ಕನ್ನಡಿಗರ ಹೋಟೆಲ್ ಎಂದರೆ ಜನರಿಗೆ ನೆನಪಾಗುವುದು ಇಡ್ಲಿ, ದೋಸೆ, ಫಿಲ್ಟರ್ ಕಾಫಿ. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯನ್ನು ಮನೆಮಾತಾಗಿಸಿದ ದಿ. ಜಗನ್ನಾಥ ಶೆಟ್ಟರಂಥ ಹಿರಿಯರು ಗಳಿಸಿಕೊಟ್ಟ ಹೆಸರದು. ಆ ಹೆಸರಿನ ನೆರಳಲ್ಲೇ ನಾವೂ ಹಡಪಸರದಲ್ಲಿ ಹೋಟೆಲ್ ಇಟ್ಟವರು. ಆದರೆ ಮದುವೆಯ ಮಾತು ಬಂದಾಗ ಇದೇ ಹೆಸರು ನಮಗೆ ಅಡ್ಡ ಬರುತ್ತಿತ್ತು. ಬೆಳಗಿನ ನಾಷ್ಟಾ ನಮಗೆ, ಮಧ್ಯಾಹ್ನದ ಊಟದ ಆರ್ಡರ್ ಬೇರೆಯವರಿಗೆ!

ಊಟ, ಮಂಟಪ, ಹೂವಿನ ಅಲಂಕಾರ ಮೂರನ್ನೂ ನಮ್ಮ ಮನೆಯವರೇ ಮಾಡುತ್ತೇವೆ ಎಂದು ತಿಳಿಸಲು ಬ್ರೈಡಲ್ ಶೋಗೆ ಹೋಗೋಣ ಎಂದಾಗ ತಂದೆಯವರು ಒಪ್ಪಲಿಲ್ಲ. 'ಕರೆದಲ್ಲಿಗೆ ಹೋಗಿ ಬಡಿಸುವವರು ನಾವು, ಸಂತೆಯಲ್ಲಿ ಕೂಗುವವರಲ್ಲ' ಎಂದರು. (ಇದು ವಧೂವರರ ಅನ್ವೇಷಣೆಯ ಮೇಳವಲ್ಲ, ಸಂಬಂಧ ನಿಶ್ಚಯವಾದವರು ಸೀರೆ, ಒಡವೆ, ಊಟ, ಫೋಟೋದವರನ್ನು ಹುಡುಕಿಕೊಂಡು ಬರುವ ಜಾಗ ಎಂದು ವಿವರಿಸಬೇಕಾಯಿತು.)

ಮೊದಲ ಶೋದಲ್ಲಿ ಅವರ ಮಾತೇ ನಿಜವಾಯಿತು. ಹೊಳೆಯುವ ಬ್ರೋಷರ್, ಥರ್ಮಾಕೋಲ್ ಮಂಟಪ, ಗಾಜಿನ ಪೆಟ್ಟಿಗೆಯಲ್ಲಿ ಸಿಹಿ ಎಲ್ಲವೂ ಇತ್ತು. ಜನ ನೋಡಿದರು, ಕಾಗದ ಚೀಲಕ್ಕೆ ಹಾಕಿಕೊಂಡು ಹೋದರು. ಎರಡು ದಿನಕ್ಕೆ ಒಂದೂ ಆರ್ಡರ್ ಇಲ್ಲ. ಸ್ಟಾಲಿನ ಬಾಡಿಗೆ ಹೋಟೆಲಿನ ಗಲ್ಲಾದಿಂದ ಹೋಯಿತು.

ಮರುವರ್ಷ ಚಾತುರ್ಮಾಸದಲ್ಲಿ, ಅಂದರೆ ಅಡುಗೆಯವರು ಬಿಡುವಾಗಿರುವ ಹೊತ್ತಿನಲ್ಲಿ, ಮತ್ತೆ ಹೋದೆವು. ತುಳಸಿ ವಿವಾಹದ ನಂತರದ ಮುಹೂರ್ತಗಳಿಗೆ ಜನ ಆಗಲೇ ಹುಡುಕಾಟ ಶುರುಮಾಡಿರುತ್ತಾರೆ. ಬ್ರೋಷರ್ ಬಿಟ್ಟೆವು. ಇಡ್ಲಿಯನ್ನಂತೂ ಬೇಕೆಂದೇ ಇಡಲಿಲ್ಲ. ನಮ್ಮಿಂದಾಗದು ಎಂದು ಜನ ಅಂದುಕೊಂಡಿದ್ದನ್ನೇ ಬಡಿಸಿದೆವು: ಮಸಾಲೆಭಾತ್, ಮಠ್ಠಾ, ಅದರ ಪಕ್ಕದಲ್ಲಿ ಕಾವಲಿಯಿಂದ ಆಗಷ್ಟೇ ತೆಗೆದ ಹೋಳಿಗೆ. ಶೋ ಲಾನ್‌ನಲ್ಲಿದ್ದುದರಿಂದ ಗ್ಯಾಸ್ ಹಚ್ಚಲು ಒಪ್ಪಿಗೆ ಸಿಕ್ಕಿತು. ಮುಚ್ಚಿದ ಹಾಲ್ ಆದರೆ ಸ್ಟಾಲ್ ಬುಕ್ ಮಾಡುವ ಮೊದಲೇ ಆಯೋಜಕರನ್ನು ಕೇಳಿಕೊಳ್ಳಿ.

ಇನ್ನೊಂದು ಬದಲಾವಣೆ, ನಾಲ್ಕು ಕುರ್ಚಿ. ಹುಡುಗ ಹುಡುಗಿ ನಿಂತೇ ರುಚಿ ನೋಡಿ ಮುಂದಿನ ಸ್ಟಾಲಿಗೆ ಹೋಗುತ್ತಾರೆ, ಹಿರಿಯರು ಕೂರುತ್ತಾರೆ. ಸೊಲ್ಲಾಪುರ ರಸ್ತೆಯ ಆಚೀಚೆ ವಿಜಯಪುರ, ಕಲಬುರಗಿ ಕಡೆಯಿಂದ ಬಂದು ನೆಲೆಸಿದ ಮನೆಗಳು ಬಹಳ. ಆ ಕಡೆಯ ಅಜ್ಜಿಯೊಬ್ಬರು ಹೋಳಿಗೆ ತಿಂದು, 'ಎಲ್ಲಾ ಛಲೋ ಐತಿ, ಶೇಂಗಾ ಚಟ್ನಿ ಎಲ್ಲಿ?' ಎಂದರು. ಮರುದಿನ ಚಟ್ನಿಯೂ ಜೋಳದ ರೊಟ್ಟಿಯೂ ಇದ್ದವು. ಅಜ್ಜಿ ಮೊಮ್ಮಗಳ ಬೀಗರನ್ನೇ ಕರೆತಂದರು. ಹುಡುಗನ ಕಡೆಯವರು ಮರಾಠಿಗರು. ಎರಡೂ ಕಡೆಯ ಅಡುಗೆ ಒಂದೇ ಪಂಕ್ತಿಯಲ್ಲಿ ಎಂಬ ಮಾತಿಗೆ ಆರ್ಡರ್ ಅಲ್ಲೇ ನಿಂತಿತು.

ಆ ಸಂತೋಷದಲ್ಲಿ ಒಂದು ತಪ್ಪು ಮಾಡಿದೆವು. ಪ್ಲೇಟಿನ ದರ ಹೇಳುವಾಗ ಜಿಎಸ್‌ಟಿ ಸೇರಿಸಿ ಹೇಳಲಿಲ್ಲ. 2019ರ ಅಕ್ಟೋಬರ್ 1ರಿಂದ ನಮ್ಮಂಥವರ ಹೊರಾಂಗಣ ಕೇಟರಿಂಗ್‌ಗೆ ತೆರಿಗೆ ಶೇ. 18ರಿಂದ 5ಕ್ಕೆ ಇಳಿದಿದೆ, ಇನ್‌ಪುಟ್ ಕ್ರೆಡಿಟ್ ಇಲ್ಲ. ಶೇ. 5 ತಾನೇ ಎನಿಸಬಹುದು, ಆದರೆ ಐನೂರು ಎಲೆಯ ಲೆಕ್ಕ ಕಟ್ಟುವ ರಾತ್ರಿ ಅದು ಸಣ್ಣದಲ್ಲ. ಹುಡುಗಿಯ ತಂದೆ ಬಿಲ್ಲು ನೋಡಿ ಮುಖ ಬಾಡಿಸಿದರು. ತೆರಿಗೆಯನ್ನು ನಾವೇ ಭರಿಸಿದೆವು. ಈಗ ಸ್ಟಾಲಿನ ಬೋರ್ಡಿನ ಮೇಲೆ ತೆರಿಗೆ ಸೇರಿದ ದರವನ್ನೇ ಬರೆಯುತ್ತೇವೆ, ಕೆಳಗೆ ಎಫ್‌ಎಸ್‌ಎಸ್‌ಎಐ ನಂಬರು. 2022ರ ಜನವರಿಯಿಂದ ಬಿಲ್ಲಿನ ಮೇಲೂ ಆ ನಂಬರು ಕಡ್ಡಾಯವಾಗಿರುವುದು ಸದಸ್ಯರಿಗೆ ಗೊತ್ತೇ ಇದೆ.

ಸ್ಟಾಲಿನಲ್ಲಿ ಒಂದೇ ರಿಜಿಸ್ಟರ್ ಇಡುತ್ತೇವೆ. ಹೆಸರಿಗಿಂತ ಮೊದಲು ಮದುವೆಯ ತಾರೀಕು, ಜನ ಎಷ್ಟು, ಹಾಲ್ ಯಾವುದು. ಎರಡು ದಿನದೊಳಗೆ ಫೋನ್ ಹೋಗಲೇಬೇಕು. ಅಕ್ಷಯ ತೃತೀಯದಂಥ ದಿನಕ್ಕೆ ಒಂದು ಮದುವೆ ಒಪ್ಪಿಕೊಂಡ ಮೇಲೆ ಎರಡನೆಯವರಿಗೆ ಇಲ್ಲ ಎನ್ನುವುದು ಕಷ್ಟವೇ. ಆದರೂ ಅನ್ನುತ್ತೇವೆ, ನಂಬಿಕೆಯ ಇನ್ನೊಬ್ಬ ಸದಸ್ಯರ ನಂಬರು ಕೊಡುತ್ತೇವೆ.

ತಂದೆಯವರು ಈಗ ಸ್ಟಾಲಿನ ಕುರ್ಚಿಯಲ್ಲಿ ಹಿರಿಯರ ಜೊತೆ ಊರಿನ ಮಾತಾಡುತ್ತಾ ಕೂರುತ್ತಾರೆ. ಮುಂದಿನ ಶೋಗೆ ಒಂದು ಕಾವಲಿ ಸಾಲದು, ಎರಡು ಬೇಕು ಎಂದು ಅವರೇ ಹೇಳಿಟ್ಟಿದ್ದಾರೆ.